ಗೋಡೆಯ ಮೇಲಿನ ಸೊನ್ನೆ

ನಮ್ಮ ಕಾತ್ಸಿನಾ ಕಡೆ ಹೆತ್ತವಳು ಚೊಚ್ಚಲ ಮಗುವಿನ ಹೆಸರು ಹೇಳುವಂತಿಲ್ಲ. ಹಿರಿಯರ ಮುಂದೆ ಎತ್ತಿ ಮುದ್ದಾಡಿದರೂ ನಾಚಿಕೆಗೆಟ್ಟವಳು ಅನ್ನಿಸಿಕೊಳ್ಳುತ್ತಾಳೆ. ನನ್ನ ದೊಡ್ಡ ಮಗನಿಗೆ ಮೀಸೆ ನರೆಯಲು ಶುರುವಾಗಿದೆ, ನಾನಿನ್ನೂ ಅವನನ್ನು 'ಏ, ಇವನೇ' ಎಂದೇ ಕರೆಯುವುದು. ಹಾಗಾಗಿ ಲಸಿಕೆಯ ಸರ್ವೆಗೆ ಹೋದಾಗ ಮಕ್ಕಳೆಷ್ಟು ಎಂದು ಸೊಸೆಯನ್ನು ಕೇಳುವ ಗೋಜಿಗೇ ನಾನು ಹೋಗುವುದಿಲ್ಲ, ಅತ್ತೆಯನ್ನೇ ಕೇಳುತ್ತೇನೆ.

ಗಿದಾನ್ ಕುಕಾ ಹಳ್ಳಿಯ ಒಂದು ಮನೆಯ ಬಾಗಿಲ ಪಕ್ಕ ಸೀಮೆಸುಣ್ಣದಲ್ಲಿ ಬರೆದ ಸೊನ್ನೆ ಇನ್ನೂ ಅಳಿಸಿರಲಿಲ್ಲ. ಕಳೆದ ಸಲ ದಡಾರದ ಸೂಜಿ ಹಾಕಲು ಬಂದವರು ಬರೆದದ್ದು. ಮಗು ಇಲ್ಲದ ಮನೆ ಎಂದರ್ಥ. ಒಳಗೆ ತಬಾವಾ ಮುದುಕಿ ಸಜ್ಜೆ ಕೇರುತ್ತಿದ್ದಳು. ಸೊಸೆ ಹನ್ಸಾಯಿ ಪುಟ್ಟ ಬಟ್ಟಲಲ್ಲಿ ಗಂಜಿ ಆರಿಸುತ್ತಿದ್ದಳು.

"ಒಂದರಿಂದ ಎರಡು ವರ್ಷದ ಮಕ್ಕಳಿದಾವಾ ಅಜ್ಜಿ?" ಎಂದೆ.

ಮುದುಕಿ ಬಾಯಿ ತೆರೆಯುವ ಮೊದಲೇ ಹನ್ಸಾಯಿ ಹೇಳಿದಳು. "ಒಬ್ಬ ಇದಾನೆ. ಬಿಲ್ಯಾಮಿನು ಅಂತ. ನಾನೇ ಹೆತ್ತಿದ್ದು, ಚೊಚ್ಚಲು."

ನನಗೆ ಮೈ ಉರಿಯಿತು. "ಅತ್ತೆ ಎದುರಿಗೇ ಹೆಸರು ಹೇಳ್ತೀಯಲ್ಲೇ. ನಾಚಿಕೆ ಮಾನ ಎಲ್ಲಾ ಸಂತೇಲಿ ಮಾರ್ಕೊಂಡು ಬಂದ್ಯಾ?"

ಅತ್ತೆ ಬೈಯಲಿಲ್ಲ. ಮೊರ ಕೆಳಗಿಟ್ಟಳು, ಅಷ್ಟೇ.

"ಹೋಗಲಿ, ಕರ್ಕೊಂಡು ಬಾ. ತೋಳಿನ ಮೇಲೆ ಸೂಜಿ ಗುರುತು ನೋಡ್ಬೇಕು."

"ಮಲಗಿದಾನೆ. ನೀವೇ ಕರೀರಿ ಅಕ್ಕಾ. ನನ್ನ ದನಿ ಅವನಿಗೆ ಅಭ್ಯಾಸ ಇಲ್ಲ. ಒಂದು ಸಲಾನೂ ಹೆಸರು ಹಿಡಿದು ಕರೆದಿಲ್ವಲ್ಲ."

ಕತ್ತಲ ಕೋಣೆಯತ್ತ ತಿರುಗಿ ಕರೆದೆ. "ಬಿಲ್ಯಾಮಿನು, ಬಾರೋ."

ಒಳಗೆ ಚಾಪೆ ಸರಿದಂತೆ ಸದ್ದಾಯಿತು. ಯಾರೂ ಬರಲಿಲ್ಲ. ಸುಳ್ಳು ಯಾಕೆ, ನನಗೆ ಹೆದರಿಕೆಯಾಯಿತು.

"ಸಾಕು ಬಿಡು ಮಗಳೇ," ಎಂದಳು ತಬಾವಾ. "ದೂಳುಗಾಳಿ ಕಾಲದಲ್ಲಿ ದಡಾರ ಎದ್ದು ಹೋಗ್ಬಿಟ್ಟ. ಸೂಜಿಯವರು ಬಂದ ದಿನ ನಾನು ನಾಮಕರಣಕ್ಕೆ ಹೋಗಿದ್ದೆ. ಅವರ ಜೊತೆ ಊರ ಹಿರಿಯರೂ ನಿಂತಿದ್ರು. ಮಗು ಇದೆಯಾ ಅಂದ್ರೆ ಇವಳು ನಾಚ್ಕೊಂಡು ಇಲ್ಲ ಅಂದ್ಬಿಟ್ಳು. ಅವನು ಒಳಗೆ ಮಲಗಿದ್ದ. ಸತ್ತಾಗ ಇವಳು ಅಳ್ಲೂ ಇಲ್ಲ. ಚೊಚ್ಚಲಿಗೆ ಅಳೋದೂ ನಾಚಿಕೆನೇ ಅಲ್ವಾ."

ಅಷ್ಟೊಂದು ಬೈದಿದ್ದೆನಲ್ಲ ಎಂದುಕೊಂಡೆ.

ಹನ್ಸಾಯಿ ನನ್ನ ಕೈಯ ಫಾರಂ ನೋಡುತ್ತಿದ್ದಳು. "ಬರ್ಕೊಳ್ಳಿ ಅಕ್ಕಾ."

"ಬದುಕಿರೋ ಮಕ್ಕಳನ್ನ ಮಾತ್ರ ಬರ್ಕೊಳ್ಳೋದು ಕಣಮ್ಮಾ."

"ಅವತ್ತು ಬದುಕಿದ್ದ. ಇಲ್ಲ ಅಂದೆ, ಹಾಗೇ ಬರ್ಕೊಂಡ್ರು. ಇವತ್ತು ಇದಾನೆ ಅಂತಿದೀನಿ. ಇದನ್ನ ಯಾಕೆ ಬರ್ಕೊಳ್ಳಲ್ಲ?"

ನಾನೂ ಸೊನ್ನೆಯನ್ನೇ ಬರೆದೆ. ಅವಳು ಅದನ್ನು ನೋಡಿದಳು. ಆರಿದ ಗಂಜಿಯನ್ನು ಎತ್ತಿಕೊಂಡು ಕೋಣೆಯೊಳಗೆ ಹೋದಳು.

ಪಕ್ಕದ ಮನೆಗೂ ಈ ಮನೆಗೂ ನಡುವೆ ಒಂದೇ ಮಣ್ಣಿನ ಗೋಡೆ. ಅಲ್ಲಿ ಅತ್ತೆ ಸಂತೆಗೆ ಹೋಗಿದ್ದಳು, ಮಾವ ಬಾಗಿಲಲ್ಲೇ ಕೂತಿದ್ದ. ಮಕ್ಕಳಿದಾವಾ ಎಂದು ಕೇಳಿದೆ. ಚಿಕ್ಕ ವಯಸ್ಸಿನ ಸೊಸೆ ಸೆರಗು ಮುಖದ ಮೇಲೆ ಎಳೆದುಕೊಂಡು ಇಲ್ಲ ಎಂದಳು. ಮಾವ ಬೇರೆ ಕಡೆ ನೋಡಿದ.

ಪೆನ್ನು ಏಳಲಿಲ್ಲ. ಒಳಗೆ ಮಗು ಇದ್ದರೆ? ಹೆಸರು ಗೊತ್ತಿಲ್ಲದ್ದನ್ನು ಏನೆಂದು ಕರೆಯುವುದು? ನನ್ನ ನಾಲಿಗೆಯ ಮೇಲೆ ಒಂದೇ ಹೆಸರಿತ್ತು.

"ಬಿಲ್ಯಾಮಿನು," ಎಂದು ಗಟ್ಟಿಯಾಗಿ ಕೂಗಿದೆ, "ಬಾರೋ ಮರಿ."

ಕಣಜದ ಹಿಂದಿನಿಂದ ಮಗುವೊಂದು ತಪ್ಪು ಹೆಜ್ಜೆ ಇಡುತ್ತಾ ಬಂತು. ಅದೇ ಹೊತ್ತಿಗೆ ಗೋಡೆಯಾಚೆ ಹನ್ಸಾಯಿಯ ದನಿ ಕೇಳಿಸಿತು.

"ಹೋಗು ಮಗನೇ. ಕರೀತಿದಾರೆ."