ಊಟದ ಕೋಣೆಯ ಗೋಡೆಯ ಮುಖಗಳು

ಟೈಲು ಸುಡುವ ಆವಿಗೆಯ ಬಾಗಿಲು ತೆರೆಯುವ ದಿನ ಇರಿಯಾ ಬೆಳಗ್ಗೆ ಏನೂ ತಿನ್ನದೆ ಮನೆ ಬಿಟ್ಟಳು. ಸೇತುವೆ ದಾಟುವಾಗ ಕೆಳಗೆ ದೋರು ನದಿಯ ಮೇಲೆ ಮಂಜು ಹಾಲುಕ್ಕಿದ ಹಾಗೆ ಉಬ್ಬಿ ಬರುತ್ತಿತ್ತು. ಅದರೊಳಗಿಂದ ಯಾರೋ ಹೆಸರು ಹಿಡಿದು ಕರೆದಂತಾಯಿತು. ಕರೆದರೆ ತಿರುಗಿ ನೋಡಬಾರದು ಎಂದು ಅಜ್ಜಿ ಹೇಳಿದ್ದಳಲ್ಲ; ಇರಿಯಾ ಬಿರಬಿರನೆ ನಡೆದಳು.

ಗುರುವಾರ ಸಂಜೆಯ ತಪ್ಪು ಅವಳೊಬ್ಬಳಿಗೇ ಗೊತ್ತಿತ್ತು. ಹಳೆಯ ಮನೆಯೊಂದರ ಮುಂಗೋಡೆಯಿಂದ ಹನ್ನೊಂದು ಟೈಲು ಉದುರಿಹೋಗಿದ್ದವು. ಬಾವಿಯಿಂದ ನೀರು ಸೇದುವ ಹೆಂಗಸಿನ ಚಿತ್ರ. ಉದುರಿದ್ದರಲ್ಲಿ ಅವಳ ಮುಖವೂ ಒಂದು. ಅವಿಷ್ಟನ್ನೂ ಹೊಸದಾಗಿ ಬರೆದುಕೊಡುವುದೇ ಇರಿಯಾಗೆ ಇಟ್ಟ ಪರೀಕ್ಷೆ. ಗೆದ್ದರೆ ಒಡತಿ ದೋನಾ ಹೆರ್ಮೀನಿಯಾಳ ಟೈಲು ಕಾರ್ಖಾನೆಯಲ್ಲಿ ಕೆಲಸ ಕಾಯಂ. ಸೋತರೆ ಊರಿಗೆ ಹೋಗಿ ಚಿಕ್ಕಪ್ಪನ ಬೂಟಿನ ಕಾರ್ಖಾನೆಯಲ್ಲಿ ಅಟ್ಟೆಗೆ ಅಂಟು ಹಚ್ಚುವುದು. ಕಲೆ ಮತ್ತು ವಿನ್ಯಾಸದ ಸ್ನಾತಕೋತ್ತರ ಪದವಿಯನ್ನು ಅವಳ ಜೊತೆಗೇ ಪಡೆದ ಅನ್ಸೆಲ್ಮೊ ಈಗ ಪ್ರವಾಸಿಗರನ್ನು ಕೂರಿಸಿಕೊಂಡು ಆಟೋ ಓಡಿಸುತ್ತಿದ್ದ. ಇನ್ನೊಬ್ಬ ಗೆಳತಿ ಝುಲ್ಮೀರಾ ಮೀನಿನ ಡಬ್ಬಿಗೆ ಕಂಪ್ಯೂಟರಿನಲ್ಲಿ ಚಿತ್ರ ಮಾಡುತ್ತಿದ್ದಳು. "ನೀನೊಬ್ಬಳೇ ಕಣೇ ಕುಂಚ ಬಿಡದೆ ಇರೋಳು," ಎಂದು ಮೊನ್ನೆಯಷ್ಟೇ ಅಂದಿದ್ದಳು.

ಟೈಲಿನ ಹಸಿ ಲೇಪದ ಮೇಲೆ ಬಣ್ಣ ನೀಲಿಯಾಗಿ ಕಾಣುವುದಿಲ್ಲ. ಒದ್ದೆ ಬೂದಿಯ ಹಾಗಿರುತ್ತದೆ. ಅದನ್ನು ನೀಲಿ ಮಾಡುವುದು ಬೆಂಕಿ. "ಒಂದು ಗೆರೆಗೆ ಒಂದೇ ಉಸಿರು. ಎರಡನೇ ಸಲ ಮುಟ್ಟಿದ್ಯೋ, ಬೆಂಕಿ ನನ್ನ ಹತ್ರ ಚಾಡಿ ಹೇಳತ್ತೆ," ಎಂದು ಹೆರ್ಮೀನಿಯಾ ಮೊದಲ ದಿನವೇ ಎಚ್ಚರಿಸಿದ್ದಳು. ಆದರೆ ಇರಿಯಾ ಓದಿನ ಅಷ್ಟೂ ವರ್ಷ ಕಲಿತದ್ದು ತಿದ್ದುವುದನ್ನೇ. ಬರಿ, ಅಳಿಸು, ಮತ್ತೆ ಬರಿ. ಗುರುವಾರ ಆ ಹೆಂಗಸಿನ ಎಡಗಣ್ಣಿನ ಕೆಳಗಿನ ಗೆರೆ ತೆಳುವಾಯಿತೇನೋ ಅನ್ನಿಸಿದಾಗ ಕೈ ತಾನಾಗಿ ಎರಡನೇ ಸಲ ಹೋಗಿಬಿಟ್ಟಿತ್ತು.

ಇರಿಯಾ ಕಾರ್ಖಾನೆಗೆ ಬಂದಾಗ ಮೇಸ್ತ್ರಿ ಅಡೆಲೀನೊ ಆವಿಗೆಯ ಬಾಗಿಲಿಗೆ ಕೆನ್ನೆ ಇಟ್ಟು ಕಣ್ಣು ಮುಚ್ಚಿ ನಿಂತಿದ್ದ. ಇಲ್ಲಿನ ಹಳೆಯ ಚಿತ್ರಗಾರ ಅವನು.

"ತೆಗಿಯೋಣ್ವಾ ಮೇಸ್ತ್ರಿ?"

"ಇನ್ನೂ ಬೆಕ್ಕಿನ ಹೊಟ್ಟೆಯಷ್ಟು ಬೆಚ್ಚಗಿದೆ. ಈಗ ತೆಗೆದ್ರೆ ಚಟಚಟ ಅಂತ ಸೀಳತ್ತೆ. ಹೋಗಿ ಸೂಪು ಕುಡಿ ತಾಯೀ. ಮುಖ ನೋಡು, ಸುಣ್ಣ ಬಳಿದ ಹಾಗಿದೆ!"

ಊಟದ ಕೋಣೆಗೆ ಹೋಗುವುದೆಂದರೇ ಅವಳಿಗೆ ಭಯ. ಅಲ್ಲಿಯ ಗೋಡೆಯ ತುಂಬ ಕೆಟ್ಟುಹೋದ ಟೈಲುಗಳು. ಮಾಲುಗಣ್ಣಿನ ಸಂತ, ಮೂಗು ಕರಗಿದ ದೇವದೂತ, ತುಟಿ ಕಪ್ಪಾದ ನಾವಿಕ. ಯಾರವು ಎಂದು ಒಮ್ಮೆ ಕೇಳಿದ್ದಕ್ಕೆ ಮೇಸ್ತ್ರಿ, "ಇಲ್ಲಿಗೆ ಬಂದೋರ ಗುರುತು," ಎಂದಷ್ಟೇ ಹೇಳಿ ರೊಟ್ಟಿ ಮುರಿದಿದ್ದ. ಇರಿಯಾ ಮತ್ತೆ ಕೇಳಲಿಲ್ಲ. ಅಜ್ಜಿಯ ಕಥೆಯೊಂದರಲ್ಲಿ ಹೊಳೆದಂಡೆಯ ಮುದುಕಿಯೊಬ್ಬಳಿದ್ದಳು. ಚಾಕರಿಗೆ ಬಂದ ಹುಡುಗಿ ತಪ್ಪು ಮಾಡಿದರೆ ಅವಳ ಮುಖ ಕಿತ್ತು ಗೋಡೆಗೆ ಅಂಟಿಸಿ, ಮೈಯನ್ನು ಮಾತ್ರ ಮನೆಗೆ ಕಳಿಸುತ್ತಿದ್ದಳು. ಮನೆಯಲ್ಲಿ ಹೆತ್ತವ್ವನಿಗೂ ಗುರುತು ಸಿಗುತ್ತಿರಲಿಲ್ಲ.

ಸೂಪು ತಣ್ಣಗಾಯಿತು. ಮೇಸ್ತ್ರಿ ತನ್ನ ಬಟ್ಟಲು ಖಾಲಿ ಮಾಡಿ, ಎದ್ದುಹೋಗುವ ಮುನ್ನ ಗೋಡೆಯನ್ನು ಒಮ್ಮೆ ಬೆರಳಿನಿಂದ ಮುಟ್ಟಿದ.

ಆವಿಗೆಯ ಬಾಗಿಲು ತೆರೆದಾಗ ಹೆರ್ಮೀನಿಯಾ ಒಂದೊಂದೇ ಟೈಲು ಎತ್ತಿ ಬೆಳಕಿಗೆ ಹಿಡಿದಳು. ಹಗ್ಗ. ಕೊಡ. ಲಂಗದ ನಿರಿಗೆ. ಕಾರ್ತಿಕದ ಆಕಾಶದಂಥ ನೀಲಿ. ಹತ್ತನೆಯದನ್ನು ಕೆಳಗಿಟ್ಟು ಹನ್ನೊಂದನೆಯದನ್ನು ಎತ್ತಿದವಳು ಅದನ್ನು ಕಿಟಕಿಯ ಹತ್ತಿರ ಒಯ್ದಳು.

ಹೆಂಗಸಿನ ಎಡಗಣ್ಣಿನ ಕೆಳಗೆ ಗೆರೆ ಕಪ್ಪಿಟ್ಟು, ಉಬ್ಬಿ, ಕೆನ್ನೆಯುದ್ದಕ್ಕೂ ಜಾರಿತ್ತು.

"ಎರಡು ಸಲ ಮುಟ್ಟಿದೀಯ."

"ಹೂಂ," ಎಂದಳು ಇರಿಯಾ. "ಗೊತ್ತಿದ್ದೂ ಹೇಳಲಿಲ್ಲ."

"ಬಾ ನನ್ನ ಹಿಂದೆ."

ಊಟದ ಕೋಣೆಯ ಗೋಡೆಯ ಮುಂದೆ ಹೆರ್ಮೀನಿಯಾ ಅವಳ ಕೈಗೆ ಟೈಲು ಕೊಟ್ಟಳು, ಕರಣೆ ಕೊಟ್ಟಳು, ಕಲಸಿದ ಗಾರೆಯ ಬಾಣಲೆಯನ್ನು ಕಾಲಿನಿಂದ ಮುಂದೆ ತಳ್ಳಿದಳು. "ಅಂಟಿಸು."

ಗಾರೆ ಹೆಣದ ಕೈಯಷ್ಟು ತಣ್ಣಗಿತ್ತು. ಇರಿಯಾ ಆ ಅಳುಮುಖವನ್ನು ನಾವಿಕನ ಪಕ್ಕದಲ್ಲಿಟ್ಟು ಒತ್ತಿದಳು.

"ಹಾಗಾದ್ರೆ ನಾನು... ಊರಿಗಾ?"

"ಊರಿಗ್ಯಾಕೆ? ಮುಖ ಮತ್ತೆ ಬರಿಯೋರ್ಯಾರು, ನಿಮ್ಮಜ್ಜಿನಾ? ಹತ್ತು ಟೈಲು ಚೆನ್ನಾಗಿವೆ. ನಾಳೆ ಎಂಟಕ್ಕೆ ಬಾ. ನಾಳೆಯಿಂದ ನೀನು ನಮ್ಮೋಳು."

ಇರಿಯಾ ಕರಣೆ ಕೆಳಗಿಟ್ಟಳು. ಅಷ್ಟರಲ್ಲಿ ಹೆರ್ಮೀನಿಯಾ ಮೊಳೆಯೊಂದನ್ನು ತೆಗೆದು, ಹೊಸ ಟೈಲಿನ ಪಕ್ಕದ ಬರಿಗೋಡೆಯ ಮೇಲೆ ಅಷ್ಟೇ ಅಗಲದ ಚೌಕ ಗೀರಿದಳು.

"ಇದು ಯಾರಿಗೆ, ದೋನಾ?"

"ನಿನಗೇ. ಒಬ್ಬೊಬ್ಬರಿಗೆ ಎರಡು ಜಾಗ. ಮೂರನೇದಕ್ಕೆ ಗೋಡೆ ಇಲ್ಲ, ಬಾಗಿಲಿದೆ."

ಆಗಲೇ ಇರಿಯಾ ಕಂಡದ್ದು: ಹಲವು ಮುಖಗಳ ಪಕ್ಕದಲ್ಲಿ ಒಂದೊಂದು ಖಾಲಿ ಚೌಕ. ಅವರ ಹಿಂದೆಯೇ ಬಂದಿದ್ದ ಮೇಸ್ತ್ರಿ ಮಾಲುಗಣ್ಣಿನ ಸಂತನನ್ನು ತಟ್ಟಿದ. "ಇದು ನಂದು. ಸೇರಿದ ವರ್ಷದ್ದು. ಎರಡನೇದು ನಲವತ್ತೊಂದು ವರ್ಷದಿಂದ ಕಾಯ್ತಾ ಇದೆ. ಆವಿಗೆ ತೆಗಿಯೋ ಮುಂಚೆ ಮುಟ್ಟಿ ಹೋಗ್ತೀನಿ. ಇವತ್ತೂ ಬರಬೇಡಪ್ಪಾ ಅಂತ." ಅವನು ನಗುತ್ತಿದ್ದ, ಬೆರಳು ಮಾತ್ರ ಸಂತನ ಪಕ್ಕದ ಖಾಲಿ ಚೌಕದ ಮೇಲೇ ಇತ್ತು. ಆ ಚೌಕದ ಗಾರೆ ಸವೆದು ಸವೆದು ಕನ್ನಡಿಯಂತಾಗಿತ್ತು.

ಅವರಿಬ್ಬರೂ ಹೋದ ಮೇಲೆ ಇರಿಯಾ ತನ್ನ ಚೌಕವನ್ನು ಮುಟ್ಟಿ ನೋಡಿದಳು. ಅದಿನ್ನೂ ಒರಟಾಗಿತ್ತು.