ಗಾಳಿಯಲ್ಲಿ ಹಿಡಿದ ರೆಕ್ಕೆ

ನಾನು ಡಾಕ್ಟರಲ್ಲ. ಡಾಕ್ಟರ ಬಾಗಿಲಿಗೆ ಮುಂಚಿನ ಬಾಗಿಲು ನನ್ನದು. ಮಕ್ಕಳ ಕಣ್ಣನ್ನು ಆಡಿಸಿ, ಅಳೆದು, ಒಂದೊಂದನ್ನೇ ಮುಚ್ಚಿ ತೆರೆದು ನೋಡಿ, ಕಂಡದ್ದನ್ನು ಕಂಡ ಹಾಗೆ ಬರೆದು ಒಳಗೆ ಕಳಿಸುವುದು ನನ್ನ ಕೆಲಸ. ಇವಳ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಇಲ್ಲಿಯವರೆಲ್ಲ ಆಡಿಕೊಳ್ಳುತ್ತಾರೆ. ಇರಲಿ, ಅದು ಮಕ್ಕಳ ಮೇಲಲ್ಲ, ಅವರನ್ನು ಕರೆತರುವ ದೊಡ್ಡವರ ಮೇಲೆ. ಮಗುವಿಗೆ ಕೇಳಿದ ಪ್ರಶ್ನೆಗೆ ಅಪ್ಪ ಉತ್ತರ ಕೊಟ್ಟರೆ ನನಗೆ ಮೈಯೆಲ್ಲ ಉರಿಯುತ್ತದೆ.

ಆ ಬೆಳಿಗ್ಗೆ ತಾಯಿಯ ಜೊತೆ ಬಂದವಳು ಆರು ವರ್ಷದ ಹುಡುಗಿ. ಎರಡು ವರ್ಷದಿಂದ ಬರುತ್ತಿದ್ದಾಳೆ. ಕೂತಲ್ಲಿ ಕೂರುವವಳಲ್ಲ, ಹಾಗಾಗಿ ನಾನು ಅವಳನ್ನು ಕರೆಯುವುದೇ ಚಿನಕುರಳಿ ಎಂದು. ಅವಳ ಎಡಗಣ್ಣು ಆಗಾಗ ಹೊರಕ್ಕೆ ಜಾರುತ್ತದೆ. ದಣಿದಾಗ, ದೂರ ನೋಡುವಾಗ, ಏನೋ ಯೋಚಿಸುತ್ತ ಕೂತಾಗ ಮೆಲ್ಲಗೆ ಕಿವಿಯ ಕಡೆ ಸರಿಯುತ್ತದೆ. ಕರೆದರೆ ಮತ್ತೆ ನೆಟ್ಟಗಾಗುತ್ತದೆ. ಎರಡು ಕಣ್ಣೂ ಕೂಡಿ ಒಂದನ್ನೇ ನೋಡಿದರೆ ಮಾತ್ರ ಆಳ ಸರಿಯಾಗಿ ಕಾಣುವುದು. ಜಾರುವುದೇ ಅಭ್ಯಾಸವಾಗಿಬಿಟ್ಟರೆ ಮೆದುಳು ಆ ಕಣ್ಣಿನ ಮಾತು ಕೇಳುವುದನ್ನೇ ಬಿಡುತ್ತದೆ. ಕಳೆದ ಸಲ ಡಾಕ್ಟರು ತಾಯಿಗೆ ಬಿಡಿಸಿ ಹೇಳಿದ್ದರು: ಆಳ ಕಾಣುತ್ತಿರುವಷ್ಟು ದಿನ ಕಾಯೋಣ, ಅದು ಕುಂದತೊಡಗಿದರೆ ತಡಮಾಡದೆ ಆಪರೇಷನ್ ಮಾಡೋಣ.

ಆಳ ನೋಡುವುದಕ್ಕೆ ನನ್ನ ಹತ್ತಿರ ಒಂದು ಪುಸ್ತಕವಿದೆ. ಅದರಲ್ಲಿ ಅಂಗೈಯಗಲದ ನೊಣದ ಚಿತ್ರ. ಅದಕ್ಕೆಂದೇ ಇರುವ ಕಪ್ಪು ಕನ್ನಡಕ ಹಾಕಿಕೊಂಡು ನೋಡಿದರೆ, ಎರಡು ಕಣ್ಣೂ ಕೂಡಿ ಕೆಲಸ ಮಾಡುವವರಿಗೆ ನೊಣ ಹಾಳೆ ಬಿಟ್ಟು ಎದ್ದು ನಿಲ್ಲುತ್ತದೆ. ರೆಕ್ಕೆ ಹಿಡಿ ಎಂದರೆ ಅಂಥ ಮಗು ಗಾಳಿಯಲ್ಲಿ ಚಿವುಟುತ್ತದೆ. ಆಳ ಕಾಣದ ಮಗು ಹಾಳೆಯನ್ನೇ ಮುಟ್ಟುತ್ತದೆ.

ಅವತ್ತು ಚಿನಕುರಳಿಯ ಕಣ್ಣು ನೋಡಿ ನನಗೆ ಸಮಾಧಾನವಾಗಲಿಲ್ಲ. ಹತ್ತಿರದ ಗೊಂಬೆ ತೋರಿಸಿದರೂ ಜಾರುತ್ತಿತ್ತು, ಜಾರಿದ್ದು ಕರೆದರೂ ಬೇಗ ವಾಪಸು ಬರುತ್ತಿರಲಿಲ್ಲ. ಆದರೆ ಕನ್ನಡಕ ಹಾಕಿಸಿ ನೊಣದ ಪುಸ್ತಕ ತೆರೆದದ್ದೇ ತಡ, ಎರಡು ಬೆರಳು ಜೋಡಿಸಿ ಹಾಳೆಯ ಮೇಲೆ ಗಾಳಿಯಲ್ಲಿ ಚಿವುಟಿಬಿಟ್ಟಳು.

“ಸಿಕ್ತು ಆಂಟಿ.”

ಪಕ್ಕದ ಕುರ್ಚಿಯಲ್ಲಿದ್ದ ತಾಯಿ ಉಸಿರು ಬಿಟ್ಟದ್ದು ಕೇಳಿಸಿತು. ಮಗು ಪುಸ್ತಕಕ್ಕಿಂತ ಹೆಚ್ಚಾಗಿ ತಾಯಿಯ ಮುಖ ನೋಡುತ್ತಿತ್ತು. ಕಣ್ಣು ಹದಗೆಟ್ಟಿದೆ, ಆಳ ಮಾತ್ರ ಅಚ್ಚುಕಟ್ಟಾಗಿದೆ. ಎಲ್ಲೋ ತಾಳ ತಪ್ಪಿದೆ ಅನ್ನಿಸಿತು. ಪುಸ್ತಕವನ್ನು ತಲೆಕೆಳಗು ಮಾಡಿ ಇಟ್ಟೆ. ಹಾಗಿಟ್ಟರೆ ಆಳವೂ ಅದಲುಬದಲಾಗುತ್ತದೆ. ಕಾಣುವವರಿಗೆ ನೊಣ ಮೇಲೇಳುವುದಿಲ್ಲ, ಹಾಳೆಯ ಹಿಂದೆ ಹಳ್ಳಕ್ಕೆ ಇಳಿದ ಹಾಗಿರುತ್ತದೆ.

“ಈಗ ಹಿಡಿ ನೋಡೋಣ.”

ಅದೇ ಎತ್ತರದಲ್ಲಿ ಮತ್ತೆ ಗಾಳಿಯನ್ನೇ ಚಿವುಟಿದಳು. “ಸಿಕ್ತು.”

“ಯಾರು ಪುಟ್ಟಾ ನಿನಗೆ ಇದನ್ನ ಬಾಯಿಪಾಠ ಮಾಡಿಸಿದ್ದು?”

“ಅಮ್ಮ,” ಎಂದಳು ಹೆಮ್ಮೆಯಿಂದಲೇ. “ದಿನಾ ಸಂಜೆ ಮನೇಲಿರೋ ಚಿತ್ರದ ಪುಸ್ತಕ ಇಟ್ಕೊಂಡು ಆಡ್ತೀವಿ. ಪುಸ್ತಕ ಮುಟ್ಟಬಾರದು. ಸ್ವಲ್ಪ ಮೇಲೆ ಹಿಡೀಬೇಕು. ಮುಟ್ಟಿದ್ರೆ ಔಟ್.”

ಸಿಟ್ಟು ನೆತ್ತಿಗೇರಿತು. ಮಗುವಿಗೆ ಬಣ್ಣದ ಪೆನ್ಸಿಲು ಕೊಟ್ಟು ಮೂಲೆಯ ಮೇಜಿಗೆ ಕಳಿಸಿ ತಾಯಿಯ ಕಡೆ ತಿರುಗಿದೆ. “ನನ್ನ ಕಣ್ಣಿಗೆ ಮಣ್ಣೆರಚಿದ್ರೆ ಪರವಾಗಿಲ್ಲ, ನಾನು ಸಂಬಳಕ್ಕಿರೋಳು. ಆದ್ರೆ ನೀವು ಎರಚಿದ್ದು ಇವಳ ಕಣ್ಣಿಗೆ.”

ಆಕೆ ಸೀರೆಯ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತರು.

“ನನ್ನ ತಂಗಿ ಇವಳಷ್ಟೇ ಇದ್ಲು ಮೇಡಂ. ಟಾನ್ಸಿಲ್ ತೆಗೀತೀವಿ, ಸಣ್ಣ ಆಪರೇಷನ್ ಅಂದ್ರು. ಮದ್ದು ಕೊಟ್ಟು ಮಲಗಿಸಿದ್ರು. ಏಳಲೇ ಇಲ್ಲ.”

ನನ್ನ ಸಿಟ್ಟು ಇಳಿದುಹೋಯಿತು. ಈಗ ಕಾಲ ಬದಲಾಗಿದೆ ಎನ್ನಬಹುದಿತ್ತು. ಅದನ್ನು ಎಲ್ಲರೂ ಹೇಳಿಯೇ ಇರುತ್ತಾರೆ. ತಂಗಿಯನ್ನು ಕಳೆದುಕೊಂಡವರ ಮುಂದೆ ಅಂಕಿಅಂಶ ಹರಡಲು ನನಗೆ ನಾಚಿಕೆಯಾಯಿತು.

“ಆಪರೇಷನ್ ಮಾಡಿದ್ರೆ ಆಳ ಬಂದೇ ಬರುತ್ತೆ ಅಂತ ನಾನು ಆಣೆ ಮಾಡಲ್ಲ,” ಎಂದೆ. “ಬೇಗ ಮಾಡಿದ್ರೆ ಸಾಧ್ಯತೆ ಜಾಸ್ತಿ, ತಡ ಆದಷ್ಟೂ ಕಮ್ಮಿ. ಮೊದಲ ಸಲ ಬಂದಾಗ ಇದೇ ನೊಣಕ್ಕೆ ಹೆದರಿ ಕಿರುಚಿ ನಿಮ್ಮ ಬೆನ್ನ ಹಿಂದೆ ಬಚ್ಚಿಟ್ಕೊಂಡಿದ್ಲು. ಅವಳಿಗೆ ಮರೆತಿರುತ್ತೆ, ನಿಮಗೆ ಮರೆತಿರಲ್ಲ.”

“ಒಂದು ಚಿತ್ರ ತಾನೇ ಮೇಡಂ? ಓದ್ತಾಳೆ, ಓಡ್ತಾಳೆ, ಆಡ್ತಾಳೆ. ಒಂದು ನೊಣ ಕಾಣದಿದ್ರೆ ಏನು ಮುಳುಗಿಹೋಗುತ್ತೆ?”

ಪುಸ್ತಕವನ್ನು ನೆಟ್ಟಗೆ ಇಟ್ಟು ಕನ್ನಡಕವನ್ನು ಆಕೆಯ ಕೈಗೆ ಕೊಟ್ಟೆ. “ಹಾಕ್ಕೊಂಡು ರೆಕ್ಕೆ ಹಿಡೀರಿ.”

ಬೇಡದ ಮನಸ್ಸಿನಿಂದಲೇ ಹಾಕಿಕೊಂಡರು. ಚಾಚಿದ ಕೈಯನ್ನು ಬಿಸಿ ಪಾತ್ರೆ ತಾಗಿದವರ ಹಾಗೆ ಹಿಂದಕ್ಕೆಳೆದುಕೊಂಡರು. ಕುರ್ಚಿ ಹಿಂದೆ ಸರಿಯಿತು.

ಮೂಲೆಯಲ್ಲಿದ್ದ ಚಿನಕುರಳಿ ಚಪ್ಪಾಳೆ ತಟ್ಟಿ ನಕ್ಕಳು. “ಅಮ್ಮ ನನಗಿಂತ ಚೆನ್ನಾಗಿ ಆಡ್ತಾಳೆ ಆಂಟಿ.”

ನಾವಿಬ್ಬರೂ ನಗಲಿಲ್ಲ. ಅವಳು ಪೆನ್ಸಿಲು ಬಿಟ್ಟು ತಾಯಿಯ ಹತ್ತಿರ ಬಂದಳು. ತಾಯಿಯ ಮುಂಗೈಯ ರೋಮ ನಿಮಿರಿ ನಿಂತಿತ್ತು. ಅದರ ಮೇಲೆ ಮೆಲ್ಲಗೆ ಬೆರಳಾಡಿಸಿ ನೋಡಿದಳು.

“ಇದು ಆಟ ಅಲ್ವಾ ಅಮ್ಮ?”

“ಅಲ್ಲ ಕಂದ.”

“ನಿಜವಾಗ್ಲೂ ಎದ್ದು ಬಂತಾ?”

“ಬಂತು.”

“ಆಂಟಿಗೂ ಬರುತ್ತಾ? ಎಲ್ಲರಿಗೂ ಬರುತ್ತಾ?”

ತಾಯಿ ನನ್ನ ಕಡೆ ನೋಡಿದರು. ನಾನೇ ಹೌದೆಂದು ತಲೆಯಾಡಿಸಿದೆ. ತನ್ನ ಹಾಗೆಯೇ ಎಲ್ಲರೂ ಗಾಳಿ ಚಿವುಟಿ ‘ಸಿಕ್ತು’ ಎನ್ನುತ್ತಾರೆಂದು ಈ ಮಗು ನಂಬಿತ್ತು. ಇಷ್ಟು ವರ್ಷದ ಕೆಲಸದಲ್ಲಿ ಹೀಗೂ ಇರಬಹುದೆಂದು ನನಗೆ ಹೊಳೆದಿರಲಿಲ್ಲ.

ಅವಳು ತಾನಾಗಿಯೇ ಕನ್ನಡಕ ಇಸಿದುಕೊಂಡು ಹಾಕಿಕೊಂಡಳು. ಮೂಗು ತಾಗುವಷ್ಟು ಬಗ್ಗಿ ನೋಡಿದಳು, ಹಿಂದೆ ಸರಿದು ನೋಡಿದಳು. ಈ ಸಲ ಬೆರಳು ಗಾಳಿಯಲ್ಲಿ ನಿಲ್ಲಲಿಲ್ಲ. ನೇರ ಇಳಿದು ಹಾಳೆಯ ಮೇಲೆ ಕೂತಿತು.

“ಇಲ್ಲೇ ಇದೆ ಅಮ್ಮ. ಹಾಳೇಲೇ ಇದೆ.”

ತಾಯಿ ಮಗಳ ತಲೆ ನೇವರಿಸುತ್ತ, “ಹೋಗ್ಲಿ ಬಿಡು, ಅದನ್ನ ನೋಡಿದ್ರೆ ಹೆದರಿಕೆ ಆಗುತ್ತೆ,” ಎಂದರು. ಆ ಹೊತ್ತಿಗೆ ಬೇರೆ ಸಮಾಧಾನ ಅವರಿಗೂ ಸಿಕ್ಕಿರಲಿಕ್ಕಿಲ್ಲ.

“ನನಗೂ ಹೆದರಿಕೆ ಆಗ್ಬೇಕು,” ಎಂದಳು ಚಿನಕುರಳಿ.

ಅಳಲಿಲ್ಲ, ಹಟ ಹಿಡಿಯಲಿಲ್ಲ. ಪಕ್ಕದ ಮಗುವಿನ ಕೈಯಲ್ಲಿರುವುದು ತನಗೂ ಬೇಕು ಎನ್ನುವ ಹಾಗೆ ಹೇಳಿದಳು, ಅಷ್ಟೇ. ತಾಯಿ ಅವಳನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡು ಕುತ್ತಿಗೆಯಲ್ಲಿ ಮುಖ ಹುದುಗಿಸಿದರು. ಹೊರಗೆ ಸಾಲಿನಲ್ಲಿದ್ದ ಯಾರೋ ಬಾಗಿಲು ತಟ್ಟಿದರು. ನಾನು ತೆರೆಯಲಿಲ್ಲ.

ಕೊನೆಗೆ ಆಕೆ ತಲೆ ಎತ್ತಿದರು. ಅಲ್ಲಿಯವರೆಗೆ ಮೇಡಂ ಆಗಿದ್ದವಳು ಆಗ ಅಕ್ಕನಾದೆ.

“ಡಾಕ್ಟರಿಗೆ ದಿನ ಗೊತ್ತು ಮಾಡೋಕೆ ಹೇಳಿ ಅಕ್ಕಾ. ಆದ್ರೆ ಮದ್ದು ಕೊಟ್ಟು ಇವಳು ಕಣ್ಣು ಮುಚ್ಚೋವರೆಗೆ ನಾನು ಕೈ ಹಿಡ್ಕೊಂಡು ಪಕ್ಕದಲ್ಲೇ ಇರ್ತೀನಿ. ತಂಗಿ ಹೋದಾಗ ನನ್ನನ್ನ ಬಾಗಿಲಾಚೆ ನಿಲ್ಲಿಸಿದ್ರು. ಒಳಗಿಂದ ಕರೀತಾನೇ ಇದ್ಲು.”