ಗಣನೀಯ ವ್ಯತ್ಯಾಸ

ಮಂಜಪ್ಪನ ತಲೆ ಮತ್ತೆ ಎಡಕ್ಕೆ ವಾಲಿತು. ತಮ್ಮ ಈರಪ್ಪ ಅವನ ಹಣೆಗೆ ವಸ್ತ್ರ ಸುತ್ತಿ ಗೋಡೆಯ ಮೊಳೆಗೆ ಬಿಗಿದು ಕಟ್ಟಿದ. ಮೊರಬ ಊರಿನ ಅರ್ಧ ಮನೆಗಳನ್ನು ಕಟ್ಟಿದ ಗೌಂಡಿ, ವಿಭೂತಿ ಹಚ್ಚಿಸಿಕೊಂಡು ತಾನೇ ಎಬ್ಬಿಸಿದ ಗೋಡೆಗೆ ಒರಗಿ ಕೂತಿದ್ದ. ನಿನ್ನೆ ಸಂಜೆ ಚಹಾ ಕುಡಿಯುತ್ತಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟಿದ್ದ. ಪುಣ್ಯವಂತ, ಯಾರ ಕೈಲೂ ಮಾಡಿಸಿಕೊಳ್ಳಲಿಲ್ಲ ಎಂದು ಬಂದವರೆಲ್ಲ ಹೇಳುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ಮಗಳು ರೋಹಿಣಿ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದಳು.

*

ಹೋದ ತಿಂಗಳಿನಿಂದ, ಮೊಣಕಾಲು ನೋವಿಗೆ ಡಾಕ್ಟರು ಬರೆದ ಹೊಸ ಗುಳಿಗೆಯನ್ನು ಅಣ್ಣತಮ್ಮ ಇಬ್ಬರೂ ನುಂಗುತ್ತಿದ್ದರು. ನೋವು ಇಳಿದು ಮಂಜಪ್ಪ ಮತ್ತೆ ಏಣಿ ಹತ್ತಿದ್ದ. ಒಂದು ದಿನ ಮಗಳ ಹತ್ತಿರ ಬಂದ.

‘ಎದಿ ಡಬಡಬ ಅಂತೈತವಾ. ಗುಳಿಗಿ ಬಿಡ್ಲೇನು?’

ರೋಹಿಣಿ ನವಲಗುಂದದ ಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಮೊಬೈಲಿನಲ್ಲಿ ಆ ಗುಳಿಗೆಯ ಸಂಶೋಧನೆ ಹುಡುಕಿದಳು. ‘ಹೃದಯದ ತೊಂದರೆಗಳಲ್ಲಿ ಗಣನೀಯ ವ್ಯತ್ಯಾಸ ಕಂಡುಬಂದಿಲ್ಲ’ ಎಂದಿತ್ತು.

‘ಹಂಗಂದ್ರ?’

‘ಎದಿಗೆ ಏನೂ ಆಗಂಗಿಲ್ಲ ಅಂತಪಾ. ತಗೋ.’

ಟೀಚರ್ ಆದ ಮಗಳೇ ಹೇಳಿದ ಮೇಲೆ ಇನ್ನೇನು? ಮಂಜಪ್ಪ ಹೋಗಿ ತಮ್ಮನಿಗೂ ಧೈರ್ಯ ಹೇಳಿ ಬಂದ.

*

ಇವತ್ತು ಬೆಳಿಗ್ಗೆ ಹಿತ್ತಲಿನಲ್ಲಿ ನಿಂತು ರೋಹಿಣಿ ಆ ಸಂಶೋಧನೆಯನ್ನೇ ಪೂರ್ತಿ ಓದಿದಳು. ಗುಳಿಗೆ ನುಂಗಿದವರಲ್ಲಿ ನುಂಗದವರಿಗಿಂತ ಎದೆಯ ತೊಂದರೆ ಹೆಚ್ಚೇ ಇತ್ತು. ಆದರೆ ಪರೀಕ್ಷೆಗೆ ಒಳಪಟ್ಟವರೇ ತೀರ ಕಡಿಮೆ ಜನ. ಆ ಹೆಚ್ಚಳ ಗುಳಿಗೆಯಿಂದಲೋ, ಆಕಸ್ಮಿಕವಾಗಿ ಬಂದದ್ದೋ ಹೇಳಲು ಬರುವಂತಿರಲಿಲ್ಲ. ‘ಕಂಡಿಲ್ಲ’ ಅಂದದ್ದನ್ನು ಅವಳು ‘ಇಲ್ಲ’ ಎಂದು ಓದಿಬಿಟ್ಟಿದ್ದಳು. ಅಪ್ಪನನ್ನು ಗುಳಿಗೆಯೇ ತಿಂದಿತು ಅನ್ನಲು ಆಧಾರವಿಲ್ಲ, ಅಲ್ಲ ಅನ್ನಲೂ ಇಲ್ಲ. ಯಾರಿಗೆ ಹೇಳಬೇಕೋ ತಿಳಿಯದೆ ಹೆದರಿ ಹೋಗಿದ್ದಳು.

ಈಗ ಒಳಗೆ, ಹೆಣದ ಎದುರು ಕೂತಿದ್ದ ಅವಳ ಬಾಜು ಈರಪ್ಪ ಬಂದು ಕೂತ. ಹೂಳಲು ಕುಣಿ ತೋಡುವಲ್ಲಿಗೆ ಹೋಗಿ ಬಂದು ಮೊಣಕಾಲು ಹಿಡಿದುಕೊಂಡಿತ್ತು. ಕಿಸೆಯಿಂದ ಗುಳಿಗೆ ತೆಗೆದು ನೀರಿನ ತಂಬಿಗೆ ಎತ್ತಿದ. ರೋಹಿಣಿ ಅವನ ಕೈ ಹಿಡಿದಳು.

‘ಬ್ಯಾಡ್ರಿ ಕಾಕಾ.’

‘ಯಾಕವಾ? ಏನೂ ಆಗಂಗಿಲ್ಲ ಅಂತ ನೀನ ಹೇಳಿದ್ದ್ಯಲ್ಲಾ.’

‘ತಪ್ಪು ಓದಿದ್ದೆ. ಆಗತೈತೋ ಇಲ್ಲೋ, ಯಾರಿಗೂ ಗೊತ್ತಿಲ್ಲ.’

ಈರಪ್ಪ ಗೋಡೆಗೆ ಒರಗಿದ್ದ ಅಣ್ಣನನ್ನು ನೋಡಿದ. ತಂಬಿಗೆ ಕೆಳಗಿಟ್ಟ.

‘ಮುಂಜಾನೇದು ನುಂಗೇನಿ’ ಎಂದ ಮೆಲ್ಲಗೆ. ‘ನಂದೂ ನಿನ್ನಿಯಿಂದ ಡಬಡಬ ಅಂತೈತಿ. ಅಣ್ಣ ಹೋದದ್ದಕ್ಕ ಅನಕೊಂಡಿದ್ದೆ.’

ಆಸ್ಪತ್ರೆಗೆ ಹೋಗೂಣು ಏಳ್ರಿ ಎನ್ನಲು ಹೋದವಳು ಎಲ್ಲರ ಎದುರೇ ಬಾಗಿ ಕಾಕಾನ ಎದೆಗೆ ಕಿವಿ ಇಟ್ಟಳು. ದುಃಖ ತಡೆಯದೆ ತಬ್ಬಿಕೊಂಡಳೆಂದು ಹೆಂಗಸರು ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಅಂಗಳದಲ್ಲಿ ಭಜನೆಯವರು ಡೋಲು ತಾಳ ಬಾರಿಸತೊಡಗಿದರು. ಯಾವುದು ಡೋಲು, ಯಾವುದು ಕಾಕಾನ ಎದೆ, ಗೊತ್ತಾಗದೆ ರೋಹಿಣಿ ಕಿವಿಯನ್ನು ಇನ್ನಷ್ಟು ಒತ್ತಿದಳು.